ನೇರಳೆ ಕಾಮಕಸ್ತೂರಿ: ಮೂರು ಸಲ ಬಿತ್ತಿದರೂ ಒಂದೂ ಮೊಳೆಯಲಿಲ್ಲ

ತಾರಸಿತೋಟ, ಮೈಸೂರು:
ಹೋದ ವರ್ಷ ನರ್ಸರಿಯಲ್ಲಿ ‘ಬಹುವಾರ್ಷಿಕ ನೇರಳೆ ಕಾಮಕಸ್ತೂರಿ’ ಎಂದು ಹೇಳಿ ಒಂದು ಗಿಡ ಕೊಟ್ಟರು. ಈಗ ಸೊಂಟದೆತ್ತರ ಬೆಳೆದಿದೆ. ಹೂವು ನಿಂತದ್ದೇ ಇಲ್ಲ, ದಿನವಿಡೀ ಜೇನುನೊಣಗಳ ಸಂತೆ. ಆದರೆ ಬುಡ ಕಟ್ಟಿಗೆಯಂತಾಗಿದೆ. ಗಿಡ ಮುದಿಯಾಯಿತೆಂದು ಹೆದರಿ, ಒಣಗಿದ ತೆನೆ ಉಜ್ಜಿ ಮೂರು ಸಲ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಎಲೆಗಳ ನೇರಳೆಯೂ ಕರಗಿ ಹಸಿರಾಗುತ್ತಿದೆ. ಗೊಬ್ಬರ ಸಾಲದೇ?

ಹಿತ್ತಲಮನೆ:
ಆಳಕ್ಕೆ ಬಿತ್ತಿರಬೇಕು. ಮಣ್ಣಿನ ಮೇಲೆ ಉದುರಿಸಿ, ಕಾಣದಷ್ಟು ತೆಳುವಾಗಿ ಗೊಬ್ಬರದ ಪುಡಿ ಮುಚ್ಚಿ ಸಾಕು.

ಕಡ್ಡಿನಾಟಿ:
ಮೊದಲು ಅದರಲ್ಲಿ ಬೀಜವಿದೆಯೇ ನೋಡಿ. ಉಜ್ಜಿದ್ದನ್ನು ಒಂದು ಬಟ್ಟಲು ನೀರಿಗೆ ಹಾಕಿ. ಕಾಮಕಸ್ತೂರಿ ಬೀಜವಾದರೆ ಸ್ವಲ್ಪ ಹೊತ್ತಿನಲ್ಲೇ ಫಲೂದಾದಲ್ಲಿರುವಂತೆ ಲೋಳೆ ಕಟ್ಟಿ ಉಬ್ಬುತ್ತದೆ. ಒಂದು ಎಲೆ ಹೊಸಕಿ ಮೂಸಿ, ವಾಸನೆ ಹೇಗಿದೆ ಎಂದೂ ತಿಳಿಸಿ.

ತಾರಸಿತೋಟ:
ಲೋಳೆಯೂ ಇಲ್ಲ, ಬೀಜವೂ ಇಲ್ಲ. ಬರೀ ಹೊಟ್ಟು ತೇಲಿತು. ಮೂರು ಸಲವೂ ನಾನು ಬಿತ್ತಿದ್ದು ಹೊಟ್ಟನ್ನೇ! ವಾಸನೆ ಥೇಟ್ ದೇವರಮನೆಯದು, ಕರ್ಪೂರ.

ಹಿತ್ತಲಮನೆ:
ಹಾಗಾದರೆ ಕೃಷ್ಣ ತುಳಸಿ ಇರಬಹುದೇ?

ಕಡ್ಡಿನಾಟಿ:
ಅಲ್ಲ. ಕೃಷ್ಣ ತುಳಸಿ ಬೀಜ ಬಿದ್ದಲ್ಲೆಲ್ಲ ತಾನಾಗಿ ಹುಟ್ಟುತ್ತದೆ. ನಿಮ್ಮದು ಆಫ್ರಿಕನ್ ಬ್ಲೂ ಬೇಸಿಲ್. ಅಮೆರಿಕದ ಒಹಾಯೊ ರಾಜ್ಯದ ನರ್ಸರಿಯೊಂದರಲ್ಲಿ ಕರ್ಪೂರ ತುಳಸಿಯೂ ‘ಡಾರ್ಕ್ ಓಪಲ್’ ಎಂಬ ನೇರಳೆ ಕಾಮಕಸ್ತೂರಿಯೂ ಅಕ್ಕಪಕ್ಕ ಬೆಳೆದು ತಾವಾಗಿ ಕೂಡಿದ ಮಿಶ್ರತಳಿ. 1983ರಲ್ಲಿ ಕಣ್ಣಿಗೆ ಬಿತ್ತು. ಗಿಡಗಳಲ್ಲಿ ಇದೊಂದು ಹೇಸರಗತ್ತೆ: ದುಡಿಮೆಗೆ ಗಟ್ಟಿ, ಸಂತಾನವಿಲ್ಲ. ಬೀಜ ಕಟ್ಟಿದ ಮೇಲೆ ಸಾಮಾನ್ಯ ಕಾಮಕಸ್ತೂರಿ ಸೊರಗುತ್ತದೆ. ಇದಕ್ಕೆ ಆ ಹೊರೆಯೇ ಇಲ್ಲ, ಹೂವು ಬಿಡುತ್ತಲೇ ಇರುತ್ತದೆ.

ಬಣ್ಣದ ಚಿಂತೆ ಬಿಡಿ. ಚಿಗುರು ನೇರಳೆ, ಬಲಿತ ಎಲೆ ಹಸಿರು, ನರಗಳಲ್ಲಷ್ಟೇ ನೇರಳೆ: ಇದರ ಸ್ವಭಾವವೇ ಹಾಗೆ. ಬಿಸಿಲು ಹೆಚ್ಚಿದಷ್ಟೂ ಬಣ್ಣ ಗಾಢ. ಗೊಬ್ಬರ ಸುರಿದರೆ ಹಸಿರೇ ಹೆಚ್ಚೀತು.

ಕಡ್ಡಿಯಿಂದಲೇ ಸಸಿ ಮಾಡಬೇಕು. ಹೂವಿಲ್ಲದ ತುದಿಯನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ಕಿತ್ತು ನೀರಿನಲ್ಲಿಡಿ, ದಿನ ಬಿಟ್ಟು ದಿನ ನೀರು ಬದಲಿಸಿ. ಸಾಮಾನ್ಯವಾಗಿ ಎರಡು ವಾರದೊಳಗೆ ಬೇರು ಬರುತ್ತದೆ, ಎರಡು ಸೆಂ.ಮೀ. ಆದಾಗ ಕುಂಡಕ್ಕೆ ನೆಡಿ. ತಾಯಿಗಿಡವನ್ನು ಮೂರನೇ ಒಂದು ಭಾಗ ಸವರಿ. ಎಲೆಯೇ ಇಲ್ಲದ ಕಟ್ಟಿಗೆಯವರೆಗೆ ಮಾತ್ರ ಹೋಗಬೇಡಿ, ಕೆಲವೊಮ್ಮೆ ಮತ್ತೆ ಚಿಗುರುವುದಿಲ್ಲ. ಹಾಗೆ ನಾನೊಂದು ಕೊಂದಿದ್ದೇನೆ.

ತಾರಸಿತೋಟ:
ಅಡುಗೆಗೆ ಆಗುತ್ತದೆಯೇ? ಕಾಮಕಸ್ತೂರಿ ಎಲೆ ಅರೆದು ಮಾಡುವ ಇಟಲಿಯ ಚಟ್ನಿ, ಪೆಸ್ಟೊ ಮಾಡಿದ್ದೆ, ಮಂಗಳಾರತಿ ತಿಂದಂತಾಯಿತು.

ಕಡ್ಡಿನಾಟಿ:
ಪೆಸ್ಟೊಗೆ ಮಾಮೂಲಿ ಕಾಮಕಸ್ತೂರಿಯೇ ಸರಿ. ಇದರ ನಾಲ್ಕು ಚಿಗುರು ಜಜ್ಜಿ ಮಜ್ಜಿಗೆಗೆ ಹಾಕಿ. ನಿಂಬೆ ಪಾನಕಕ್ಕೆ ಹೂವು ಉದುರಿಸಿದರೂ ಚೆನ್ನ.

ತಾರಸಿತೋಟ, ಹದಿನೆಂಟು ದಿನಗಳ ನಂತರ:
ಎಂಟು ಕಡ್ಡಿಗಳಲ್ಲಿ ಆರು ಬೇರು ಬಿಟ್ಟವು. ಕೊಳೆತ ಎರಡೂ ಹೂವಿದ್ದವು, ಕೀಳಲು ಮನಸ್ಸಾಗಿರಲಿಲ್ಲ. ಮಜ್ಜಿಗೆ ಮನೆಯವರಿಗೆ ಹಿಡಿಸಿತು. ಪಕ್ಕದ ಮನೆಯವರು ಬೀಜ ಕೇಳಿದ್ದಾರೆ, ಒಂದು ಸಸಿಯನ್ನೇ ಕೊಡುತ್ತೇನೆ.