ಕ್ರಾಸ್ ಕಂಟ್ರಿಗೆ ಬೀಳೋ ಗಳ ಹಾಕಬಹುದಾ?

ದುರ್ಗದ ಸವಾರ: ಚಿತ್ರದುರ್ಗದ ಹತ್ರ ಎರೆಹೊಲದಲ್ಲಿ ಕುದುರೆಗಳ ಕ್ರಾಸ್ ಕಂಟ್ರಿ (ಬಯಲಲ್ಲಿ ಓಡ್ತಾ ಬೇಲಿ ಹಾರೋ ಸ್ಪರ್ಧೆ) ಅಭ್ಯಾಸಕ್ಕೆ 1 ಮೀಟರ್ ಎತ್ತರದ ಬೇಲಿ ಹಾಕ್ತಿದೀವಿ. ಷೋ ಜಂಪಿಂಗ್ (ಅಂಕಣದೊಳಗೆ ಬೇಲಿ ಹಾರೋದು) ತರ ಕಂಬದ ಬಟ್ಟಲಿನಂಥ ಹಿಡಿ (ಕಪ್) ಮೇಲೆ, ತಗುಲಿದ್ರೆ ಬೀಳೋ ಹಾಗೆ ಗಳ ಇಟ್ಟರೆ ಸೇಫ್ ಅಲ್ವಾ?

ಲಗಾಮು: ಬೇಡ ಸರ್. ಗೊರಸು ಸವರಿದ್ರೇ ಗಳ ಬಿದ್ರೆ ಕುದುರೆ ಕಾಲೆತ್ತೋದನ್ನೇ ಉದಾಸೀನ ಮಾಡುತ್ತೆ. ಉರುಳಿದ ಗಳ ಕಾಲಿಗೆ ಸಿಕ್ಕಿಕೊಳ್ಳೋದು ಬೇರೆ. ಹಾಗಂತ ಬಿಗಿದ ಗಳವೂ ಅಪಾಯಾನೇ: ಮುಂಗಾಲು ಮೊಣಕಾಲಿಗಿಂತ ಮೇಲಿನ ಭಾಗದಲ್ಲಿ ತಗುಲಿದ್ರೆ ಕುದುರೆ ಪಲ್ಟಿ ಹೊಡೆದು ಸವಾರನ ಮೇಲೇ ಬೀಳಬಹುದು. ಅದಕ್ಕೇ ಗಳವನ್ನ ಕಂಬಕ್ಕೆ ಹಿಡಿಯೋಕೆ ಫ್ರ್ಯಾಂಜಿಬಲ್ ಪಿನ್ (ಪೆಟ್ಟಿಗೆ ಮುರಿಯೋ ಪಿನ್), ಮಿಮ್ ಕ್ಲಿಪ್ (ಪೆಟ್ಟಿಗೆ ಬಿಚ್ಚಿಕೊಳ್ಳೋ ಕ್ಲಿಪ್) ಇರೋದು. ಸವರಿದ್ರೆ ಜಗ್ಗಲ್ಲ, ಜೋರು ಪೆಟ್ಟು ಬಿದ್ರೆ ಮಾತ್ರ ಗಳ ಕಳಚುತ್ತೆ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ಸ್ಪರ್ಧೆಯಲ್ಲಿ ಹಾಗೆ ಕಳಚಿದ್ರೆ 11 ಪೆನಾಲ್ಟಿ ಅಂಕ.

ದಮ್ಮಸು: ಎರೆಹೊಲ ಅಂದ್ರಲ್ಲಾ, ಎಡವಟ್ಟು ಅಲ್ಲೇ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೇಲಿ ಬಾಯಿ ಬಿಡುತ್ತೆ, ಕಂಬ ಸಡಿಲ. ಕಂಬವೇ ಓಲಾಡಿದ್ರೆ ಪೆಟ್ಟಿನ ಬಲ ಪಿನ್ನಿಗೆ ಸರಿಯಾಗಿ ತಾಗಲ್ಲ, ಮುರಿಯಬೇಕಾದಾಗ ಮುರಿಯಲ್ಲ. ಗುಂಡಿಗೆ ಅದೇ ಮಣ್ಣು ಹಾಕ್ಬೇಡಿ, ಗರಸು ಪದರ ಪದರವಾಗಿ ತುಂಬಿ ದಮ್ಮಸು ಮಾಡಿ. ಪೆಟ್ಟು ತಿಂದ ಪಿನ್ ಮುರಿಯದಿದ್ರೂ ಬಾಗಿರಬಹುದು, ಬದಲಿಸಿ. ಪಿನ್ ಸಿಗ್ಲಿಲ್ಲ ಅಂತ ಕಬ್ಬಿಣದ ಬೋಲ್ಟ್ ತುರುಕೋರು ಇದಾರೆ, ಅದಂತೂ ಬೇಡವೇ ಬೇಡ.

ದುರ್ಗದ ಸವಾರ: ದಪ್ಪ ದಿಮ್ಮಿಗೂ ಪಿನ್ ಬೇಕಾ?

ಲಗಾಮು: ನೆಲಕ್ಕೆ ಕೂತ ದಿಮ್ಮಿಗೆ ಬೇಡ. ಮೇಲಂಚು ಗುಂಡಗಿರಲಿ, ಅಲುಗಾಡದ ಹಾಗೆ ಗೂಟ ಹೊಡೀರಿ.