ಅಂಗಡೀಲಿ ಗಿಳಿಹಸಿರು, ಮನೇಲಿ ಬೂದಿ ಬಣ್ಣ: ಜೇಡ್ ಪೆಂಡೆಂಟ್ ಕಲರ್ ಹೋಗ್ತಿದ್ಯಾ? ಹೆಲ್ಪ್ ಮಾಡಿ

ಮಲ್ಲಿಗೆಮೊಗ್ಗು:
ಎಲ್ರಿಗೂ ನಮಸ್ಕಾರ, ಇಲ್ಲಿಗೆ ಹೊಸಬಳು ನಾನು. ಹೋದ ತಿಂಗಳು ನಮ್ಮೆಜಮಾನ್ರ ಆಫೀಸ್ ಟ್ರಿಪ್ ಜೊತೆ ಹಾಂಗ್‌ಕಾಂಗ್‌ಗೆ ಹೋಗಿದ್ದೆ, ಅಲ್ಲಿ ಒಂದು ಅಂಗಡೀಲಿ ಅಮ್ಮನ ಅರವತ್ತಕ್ಕೆ ಅಂತ ಜೇಡೈಟ್ (ಜೇಡ್ ಕಲ್ಲಲ್ಲೇ ಒಂದು ಜಾತಿ) ಪೆಂಡೆಂಟ್ ತಗೊಂಡೆ. ಮೊಟ್ಟೆ ಆಕಾರದ ಕಲ್ಲು, 14 ಮಿ.ಮೀ ಉದ್ದ 10 ಅಗಲ, ಸುತ್ತ ಚಿನ್ನ, ಹಿಂದೆನೂ ಚಿನ್ನದಲ್ಲೇ ಪೂರ್ತಿ ಮುಚ್ಚಿದೆ. ಅಂಗಡೀಲಿ ನೋಡ್ದಾಗ ಭತ್ತದ ಸಸಿಮಡಿ ಇರತ್ತಲ್ಲ ಆ ಥರ ಹಸಿರು, ಕಣ್ಣು ಕೀಳಕ್ಕೇ ಆಗ್ಲಿಲ್ಲ. ಬೆಂಗಳೂರಿಗೆ ಬಂದು ಬೆಳಿಗ್ಗೆ ಬಾಲ್ಕನೀಲಿ ಡಬ್ಬಿ ತೆಗೆದ್ರೆ ಪಾಲಕ್ ಬೇಯಿಸಿ ಆರಕ್ಕಿಟ್ಟ ಹಾಗೆ ಮಂಕು ಮಂಕು, ಒಂಚೂರು ಬೂದಿ ಬೆರೆಸಿದ ಥರ. ಸರ್ಟಿಫಿಕೇಟಲ್ಲಿ ‘ಟೈಪ್ ಎ’ ಅಂತಿದೆ, ಎ ಗ್ರೇಡ್ ಅಂದ್ಮೇಲೆ ಬಣ್ಣ ಟಾಪ್ ಇರ್ಬೇಕಲ್ವಾ? ಡೈ ಹಾಕಿದ್ದು ಬಿಟ್ಕೊಳ್ತಿದ್ಯಾ? ಅಮ್ಮಂಗೆ ಇನ್ನೂ ಕೊಟ್ಟಿಲ್ಲ.

ಕೆಂಗೇರಿಗುರು:
ಕೂದಲು ಸುತ್ತಿ ಲೈಟರ್ ಹಿಡೀರಿ ಮೇಡಂ, ಕೂದಲು ಸುಡ್ಲಿಲ್ಲ ಅಂದ್ರೆ ಅಸಲಿ. ಇಲ್ಲಾಂದ್ರೆ ಕೆನ್ನೆಗೆ ಇಟ್ಕೊಳಿ, ತಣ್ಣಗಿರ್ಬೇಕು.

ಕಲ್ಲುಹುಚ್ಚ:
ಗುರು ಅವರೇ, ದಯವಿಟ್ಟು ಬೆಂಕಿ ಗಿಂಕಿ ಬೇಡ. ಕೂದಲನ್ನ ಯಾವ ಕಲ್ಲಿಗೆ ಬಿಗಿಯಾಗಿ ಸುತ್ತಿದ್ರೂ ಅದು ಶಾಖ ಎಳ್ಕೊಳತ್ತೆ, ಕೂದಲು ಬೇಗ ಸುಡಲ್ಲ, ನಮ್ಮನೆ ಒರಳುಕಲ್ಲಿಗೆ ಸುತ್ತಿದ್ರೂ ಅಷ್ಟೇ. ಕೆನ್ನೆಗೆ ಇಟ್ರೆ ಗಾಜೂ ತಣ್ಣಗಿರತ್ತೆ.

ಮಲ್ಲಿಗೆಮೊಗ್ಗು ಅವರೇ, ನಾನು ಹತ್ತು ವರ್ಷ ಹಾಂಗ್‌ಕಾಂಗ್‌ನಲ್ಲಿದ್ದೆ, ರಜಾ ಬಂದ್ರೆ ಯೌ ಮಾ ಟೇ ಜೇಡ್ ಮಾರ್ಕೆಟ್ ಸುತ್ತೋದೇ ಚಟ, ತಗೊಂಡಿದ್ದಕ್ಕಿಂತ ಮೋಸ ಹೋಗಿದ್ದೇ ಜಾಸ್ತಿ ಅನ್ನಿ. ಮೊದಲು ಒಂದು ವಿಷ್ಯ: ಟೈಪ್ ಎ ಅನ್ನೋದು ಗ್ರೇಡ್ ಅಲ್ಲವೇ ಅಲ್ಲ. ಎ ಅಂದ್ರೆ ಕಲ್ಲಿಗೆ ಪಾಲಿಶ್, ಮೇಣ ಬಿಟ್ಟು ಬೇರೇನೂ ಮಾಡಿಲ್ಲ ಅಂತ. ಬಿ ಅಂದ್ರೆ ಆಸಿಡ್‌ನಲ್ಲಿ ನೆನೆಸಿ ಕಲೆ ತೆಗ್ದು ಒಳಗೆ ರೆಸಿನ್ ತುಂಬಿದ್ದು, ಸಿ ಅಂದ್ರೆ ಬಣ್ಣ ಹಾಕಿದ್ದು. ನೂರು ರೂಪಾಯಿಗೂ ಯಾರೂ ಮುಟ್ಟದ ಮಂಕು ಕಲ್ಲೂ ಎ ನೇ, ಕೋಟಿ ಬೆಲೆದೂ ಎ ನೇ. ಬಣ್ಣ ಹೇಗಿದೆ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಆ ಕಾರ್ಡಲ್ಲಿ ಉತ್ತರ ಇರಲ್ಲ.

ಇನ್ನು ಬಣ್ಣ ಹೋಗ್ತಿದ್ಯಾ ಅನ್ನೋದು. ಡೈ ಹಾಕಿದ ಕಲ್ಲು ಬಿಸಿಲಿಗೆ ಮಂಕಾಗೋದು ನಿಜ, ಆದ್ರೆ ಡಬ್ಬಿ ಒಳಗೇ ಇದ್ದಿದ್ದು ಒಂದೇ ವಾರದಲ್ಲಿ ಬೂದಿಯಾಗೋದು ಕಷ್ಟ. ಇವತ್ತು ರಾತ್ರಿ ಒಂದು ಕೆಲ್ಸ ಮಾಡಿ, ರೂಮಿನ ಟ್ಯೂಬ್‌ಲೈಟ್ ಎಲ್ಲಾ ಆರ್ಸಿ ಹಳದಿ ಬಲ್ಬ್ ಒಂದನ್ನೇ ಹತ್ರ ಹಿಡಿದು ನೋಡಿ. ಆ ಗಿಳಿಹಸಿರು ವಾಪಸ್ ಬಂತು ಅಂದ್ರೆ ಕಲ್ಲು ಬದಲಾಗಿಲ್ಲ, ಬೆಳಕು ಬದಲಾಗಿದೆ ಅಂತ ಅರ್ಥ.

ಮಲ್ಲಿಗೆಮೊಗ್ಗು:
ಅಯ್ಯೋ ವಾಪಸ್ ಬಂತು ಸಾರ್! ಮಗಳ ಸ್ಟಡಿ ಲ್ಯಾಂಪ್ ಕೆಳಗೆ ಇಟ್ಟೆ, ಅಂಗಡೀಲಿ ಹೇಗಿತ್ತೋ ಹಾಗೇ. ಲ್ಯಾಂಪ್ ಆರ್ಸಿ ಟ್ಯೂಬ್‌ಲೈಟ್ ಹಾಕಿದ್ರೆ ಮತ್ತೆ ಪಾಲಕ್. ಹಾಗಾದ್ರೆ ನಿಜವಾದ ಬಣ್ಣ ಯಾವುದು?

ಕಲ್ಲುಹುಚ್ಚ:
ಬಾಲ್ಕನೀಲಿ ಕಂಡಿದ್ದೇ ನಿಜ ಅಂದ್ಕೊಳಿ. ಬರ್ಮಾದ ಕಾಚಿನ್ ಕಡೆ ಫಾಕಂತ್ ಅಂತ ಊರಿದೆ, ಜಗತ್ತಿನ ಒಳ್ಳೇ ಹಸಿರು ಜೇಡೈಟ್ ಬರೋದು ಬಹುತೇಕ ಅಲ್ಲಿಂದ್ಲೇ. ಆ ಉಜ್ವಲ ಹಸಿರು ಕ್ರೋಮಿಯಂ ಇಂದ ಬರತ್ತೆ, ಕಬ್ಬಿಣ ಜಾಸ್ತಿ ಆದ್ರೆ ಹಸಿರಿಗೆ ನೀಲಿ, ಬೂದಿ ಸೇರ್ಕೊಳತ್ತೆ. ಹಳದಿ ಲೈಟ್ ಆ ನೀಲಿ ಬೂದೀನೆ ನುಂಗಿಬಿಡತ್ತೆ, ಅದಕ್ಕೇ ಎಷ್ಟೋ ಅಂಗಡೀಲಿ ತಲೆ ಮೇಲೆ ಹಳದಿ ಸ್ಪಾಟ್‌ಲೈಟ್. ಚೀನೀ ವ್ಯಾಪಾರಿಗಳೇ ಹೇಳ್ತಾರೆ, ದೀಪದ ಕೆಳಗೆ ಜೇಡ್ ಬಣ್ಣ ನೋಡ್ಬೇಡ ಅಂತ. ನೋಡೋದಾದ್ರೆ ಬೆಳಿಗ್ಗೆ ಹತ್ತು ಹನ್ನೊಂದು ಗಂಟೆಗೆ, ನೇರ ಬಿಸಿಲು ಬೀಳದ ಕಿಟಕಿ ಹತ್ರ, ಬಿಳಿ ಪೇಪರ್ ಮೇಲೆ. ಫೋಟೋ ತೆಗ್ದು ಕೇಳ್ಬೇಡಿ, ಫೋನು ತನಗೆ ಇಷ್ಟ ಬಂದ ಹಸಿರು ಹಾಕತ್ತೆ. ಲ್ಯಾವೆಂಡರ್ ಜೇಡ್ ತಗೊಳೋರಿಗೆ ಇದು ಇನ್ನೂ ಮುಖ್ಯ, ದೀಪದಲ್ಲಿ ನೇರಳೆ ಕಂಡಿದ್ದು ಹಗಲಲ್ಲಿ ಬೆಳ್ಳಗೆ ತೇಲ್ಕೊಂಡಿರತ್ತೆ.

ಆ ಚೀನೀ ವ್ಯಾಪಾರಿಗಳು ಬಣ್ಣಕ್ಕೆ ನಾಲ್ಕು ಮಾತು ಇಟ್ಕೊಂಡಿದಾರೆ: ನೊಂಗ್, ಯಾಂಗ್, ಝೆಂಗ್, ಯುನ್. ಗಾಢವಾಗಿರ್ಬೇಕು, ಕಳೆ ಇರ್ಬೇಕು, ಬೇರೆ ಛಾಯೆ ಬೆರೀಬಾರ್ದು, ಎಲ್ಲಾ ಕಡೆ ಒಂದೇ ಸಮ ಇರ್ಬೇಕು. ನಿಮ್ಮ ಕಲ್ಲು ಮೊದಲನೇದರಲ್ಲಿ ಪಾಸು, ಎರಡು ಮೂರರಲ್ಲಿ ಫೇಲು ಅನ್ಸತ್ತೆ. ಗಾಢ ಅಂದ್ರೆ ಕಪ್ಪಗಾಗೋದೂ ಅಲ್ಲ, ಒಂದು ಮಾರು ದೂರದಿಂದ ಹಸಿರು ಅಂತ ಗೊತ್ತಾಗ್ಬೇಕು. ಸಮ ಅನ್ನೋದರ ಬೆಲೆ ಗೊತ್ತಾಗ್ಬೇಕಾ, 2014ರಲ್ಲಿ ಹಾಂಗ್‌ಕಾಂಗ್ ಹರಾಜಲ್ಲಿ ಒಂದು ಜೇಡೈಟ್ ಮಣಿ ಸರ 2.74 ಕೋಟಿ ಡಾಲರ್‌ಗೆ ಹೋಯ್ತು, ಇರೋದು 27 ಮಣಿ, ಎಲ್ಲಾ ಒಂದೇ ಹಸಿರು. ಇದ್ರ ಜೊತೆ ಕಲ್ಲಿನೊಳಗೆ ಬೆಳಕು ಎಷ್ಟು ಹೋಗತ್ತೆ ಅನ್ನೋದನ್ನ ‘ನೀರು’ ಅಂತಾರೆ, ನೀರಿಲ್ಲದ ಹಸಿರು ಗೋಡೆಗೆ ಹೊಡೆದ ಪೇಂಟ್ ಥರ ಕೂತಿರತ್ತೆ.

ಆಮೇಲೆ ಹಿಂದೆ ಮುಚ್ಚಿದೆ ಅಂದ್ರಲ್ಲ, ಅಲ್ಲೇ ನಂಗೆ ಅನುಮಾನ. ನೀವು ಕೀಳಕ್ಕೆ ಹೋಗ್ಬೇಡಿ, ಗೊತ್ತಿರೋ ಆಚಾರ್ರ ಹತ್ರ ಕೊಟ್ಟು ಬಿಚ್ಚಿಸಿ.

ಭೂಗರ್ಭಟೀಚರ್:
ಬಿಚ್ಚಿಸಿದ್ರೆ ಒಂದು ಪರೀಕ್ಷೆ ಮನೇಲೇ ಮಾಡ್ಬೋದು ಅಕ್ಕ. 0.01 ಗ್ರಾಂ ತೋರಿಸೋ ಪಾಕೆಟ್ ತಕ್ಕಡಿ ಬೇಕು. ಮೊದಲು ಒಣ ಕಲ್ಲಿನ ತೂಕ ಬರ್ಕೊಳಿ. ಆಮೇಲೆ ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನ ಸಣ್ಣ ದಾರದಲ್ಲಿ ಪೂರ್ತಿ ಮುಳುಗಿಸಿ ಹಿಡೀರಿ, ತಳ ಮುಟ್ಟಬಾರ್ದು, ಗುಳ್ಳೆ ಇರ್ಬಾರ್ದು. ಮೊದಲನೇ ತೂಕಾನ ಆಗ ತಕ್ಕಡಿ ತೋರಿಸೋ ಅಂಕಿಯಿಂದ ಭಾಗಿಸಿ. 3.33 ಆಸುಪಾಸು ಬಂದ್ರೆ ಜೇಡೈಟ್‌ಗೆ ಹೊಂದತ್ತೆ, 2.95 ಆದ್ರೆ ಜೇಡ್‌ನ ಇನ್ನೊಂದು ಜಾತಿ ನೆಫ್ರೈಟ್, 2.65 ಬಂದ್ರೆ ಕ್ವಾರ್ಟ್ಜ್ ಜಾತಿ. ‘ಇಂಡಿಯನ್ ಜೇಡ್’ ಅಂತ ಮಾರೋ ಅವೆಂಚುರಿನ್ ಈ ಕೊನೇ ಜಾತೀದೇ. ಅದಕ್ಕೆ ಹಸಿರು ಕೊಡೋ ಫುಕ್ಸೈಟ್ ಅಭ್ರಕ ನಮ್ಮ ಚಿತ್ರದುರ್ಗದ ಘಟ್ಟಿಹೊಸಹಳ್ಳಿ ಬಂಡೆಗಳಲ್ಲೂ ಇದೆ, ಕಾಲೇಜ್ ಟೂರಲ್ಲಿ ಜೇಬು ತುಂಬ ತಂದಿದ್ವಿ. ಭೂತಗನ್ನಡೀಲಿ ಮಿಣಿಮಿಣಿ ಚುಕ್ಕಿ ಕಂಡ್ರೆ ಅದೇ. ಡೈ ಆಗಿದ್ರೆ 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್‌ನಲ್ಲಿ ಬಣ್ಣ ಬಿರುಕುಗಳಲ್ಲಿ ಜೇಡರಬಲೆ ಥರ ಕೂತಿರತ್ತೆ. ಬಿ ಟೈಪ್ ಹೌದೋ ಅಲ್ವೋ ಅನ್ನೋದು ಮಾತ್ರ ಲ್ಯಾಬ್‌ನಲ್ಲಿ ಇನ್‌ಫ್ರಾರೆಡ್ ಟೆಸ್ಟ್ ಮಾಡಿದ್ರೇನೇ ಗ್ಯಾರಂಟಿ.

ಮಲ್ಲಿಗೆಮೊಗ್ಗು:
ಅಪ್‌ಡೇಟ್. ಶನಿವಾರ ನಮ್ಮ ಆಚಾರ್ರ ಹತ್ರ ಹೋಗಿದ್ದೆ, ಅವ್ರು ಅಂಚು ಎಬ್ಬಿಸಿ ಕಲ್ಲು ಕೈಗೆ ಹಾಕಿದ್ರು. ಚಿನ್ನದ ಬಟ್ಟಲಿನ ಒಳಗಡೆ ಕನ್ನಡಿ ಥರ ಪಾಲಿಶ್, ಅದ್ರ ಹೊಳಪೇ ಕಲ್ಲಿಂದ ಆಚೆ ಬರ್ತಿತ್ತು. ಬರೀ ಕಲ್ಲನ್ನ ಬಿಳಿ ಪೇಪರ್ ಮೇಲಿಟ್ರೆ ಇನ್ನೊಂದು ಸುತ್ತು ಇಳೀತು ಬಣ್ಣ, ಒಂದು ತುದೀಲಿ ಮಾತ್ರ ಅಕ್ಕಿಕಾಳಷ್ಟು ಜಾಗದಲ್ಲಿ ಒಳ್ಳೇ ಹಸಿರು, ಉಳಿದಿದ್ದು ನೀಲಿ ಬೂದಿ. ತೂಕ 1.20, ನೀರಲ್ಲಿ 0.36, ಭಾಗಿಸಿದ್ರೆ 3.33. ಲೂಪಲ್ಲಿ ಬಲೆ ಗಿಲೆ ಏನೂ ಕಾಣ್ಲಿಲ್ಲ.

ಕಲ್ಲುಹುಚ್ಚ:
ಅಂದ್ರೆ ಅಂಗಡಿಯವ್ನು ಸುಳ್ಳು ಹೇಳಿಲ್ಲ, ದೀಪ ಹೇಳಿದ್ದು. ಜೇಡೈಟೇ ಇರೋ ಹಾಗಿದೆ, ಬಣ್ಣ ಸಾಧಾರಣ. ಆ ಅಕ್ಕಿಕಾಳಿನ ಹಸಿರು ಮೇಲ್ಗಡೆ ಬರೋ ಹಾಗೆ ತಿರುಗಿಸಿ ಕೂರ್ಸಕ್ಕೆ ಹೇಳಿ, ಹಿಂದೆ ತೆರೆದಿರ್ಲಿ. ಎಷ್ಟು ಕೊಟ್ರಿ ಅಂತ ಕೇಳಲ್ಲ ಬಿಡಿ.

ಮಲ್ಲಿಗೆಮೊಗ್ಗು:
ಕೇಳ್ಬೇಡಿ ಸಾರ್, ನಮ್ಮೆಜಮಾನ್ರಿಗೂ ಪೂರ್ತಿ ಹೇಳಿಲ್ಲ. ತಿರುಗಿಸಿ ಕೂರ್ಸಿ ಆಯ್ತು, ಅಮ್ಮಂಗೆ ಕೊಟ್ಟೂ ಆಯ್ತು. ಕಿಟಕಿ ಹತ್ರ ಹಿಡಿದು ನೋಡಿ ‘ಹೀರೇಕಾಯಿ ಸಿಪ್ಪೆ ಬಣ್ಣ, ಚೆನ್ನಾಗಿದೆ ಕಣೆ’ ಅಂದ್ರು.