ಒಂದೇ ನಾಜಲ್, ಮೂರು ಬಟನ್: 89 ಎಲ್ಲಿಂದ ಬರುತ್ತದೆ?

ಪ್ರಶ್ನೆ (ಕೊಲಂಬಸ್, ಒಹಾಯೊ): ಸರ್, ನೀವು ಪೆಟ್ರೋಲ್ ಪಂಪ್ ರಿಪೇರಿ ಮಾಡುವವರು ಎಂದು ಗುಂಪಿನಲ್ಲಿ ಯಾರೋ ಹೇಳಿದರು. ನಾನು ಹಾಸನದ ಕಡೆಯವನು, ಅಮೆರಿಕಕ್ಕೆ ಬಂದು ಎಂಟು ತಿಂಗಳಾಯಿತು. ಇಲ್ಲಿನ ಬಂಕ್‌ನಲ್ಲಿ 87, 89, 93 ಎಂದು ಪೆಟ್ರೋಲಿನ ಆಕ್ಟೇನ್ ದರ್ಜೆಯ ಮೂರು ಬಟನ್ ಇವೆ, ಪೈಪು ಮಾತ್ರ ಒಂದೇ. ನೆಲದಡಿ ಮೂರು ಟ್ಯಾಂಕ್ ಇರುತ್ತವೆಯೇ? ನನ್ನ ಮುಂದಿನವನು 87 ಹಾಕಿಕೊಂಡು ಹೋದ ಮೇಲೆ ನಾನು 93 ಒತ್ತಿದರೆ, ಪೈಪಿನಲ್ಲಿ ಉಳಿದ ಅವನ ಪೆಟ್ರೋಲಿಗೆ ನಾನು 93ರ ದರ ಕೊಟ್ಟಂತಾಗುವುದಿಲ್ಲವೇ? ಇನ್ನೊಂದು ಮಾತು: ಊರಿನಲ್ಲಿ ಸಾದಾ ಪೆಟ್ರೋಲೇ 91 ಇತ್ತು. ಇಲ್ಲಿ 87 ಮಾರುತ್ತಾರೆಂದರೆ ಇದು ಕಳಪೆಯೇ?

ಉತ್ತರ: ಹನ್ನೊಂದು ವರ್ಷ ದಾವಣಗೆರೆ, ಚಿತ್ರದುರ್ಗದ ಹೆದ್ದಾರಿ ಬಂಕ್‌ಗಳಲ್ಲಿ ಪಂಪ್ ಬಿಚ್ಚಿದವನು ನಾನು. ಈಗ ಇಲ್ಲಿ ಅದೇ ಕೆಲಸ. ಹಾಗಾಗಿ ನಿಮ್ಮ ಅನುಮಾನ ಎಲ್ಲಿಂದ ಹುಟ್ಟಿತೆಂದು ಚೆನ್ನಾಗಿ ಗೊತ್ತು.

ಟ್ಯಾಂಕ್ ಎರಡೇ. ಒಂದರಲ್ಲಿ 87, ಇನ್ನೊಂದರಲ್ಲಿ 93. ನೀವು ಬಟನ್ ಒತ್ತುವ ತನಕ 89 ಎಂಬ ಪೆಟ್ರೋಲ್ ಆ ಬಂಕಿನಲ್ಲಿ ಇರುವುದೇ ಇಲ್ಲ. (ಮೂರು ಟ್ಯಾಂಕ್, ಮೂರು ಪೈಪಿನ ಬಂಕ್‌ಗಳೂ ಉಂಟು. ಬಟನ್ ಮೂರಿದ್ದು ಪೈಪು ಒಂದೇ ಇದ್ದರೆ ಅದು ಬಹುಪಾಲು ಬೆರೆಸುವ ಪಂಪು.) ಪಂಪಿನ ಹೊಟ್ಟೆಯೊಳಗೆ ಎರಡು ದಾರಿಗಳಿವೆ. ಪ್ರತಿ ದಾರಿಗೂ ಅದರದೇ ಮೀಟರ್, ಅದರದೇ ವಾಲ್ವ್. ಮೀಟರ್ ತಿರುಗಿದಂತೆಲ್ಲ ಅದಕ್ಕೆ ಜೋಡಿಸಿದ ಪಲ್ಸರ್ ಎಂಬ ಪುಟ್ಟ ಸಾಧನ ಎಲೆಕ್ಟ್ರಾನಿಕ್ ಬೋರ್ಡಿಗೆ ಎಣಿಕೆ ಕಳುಹಿಸುತ್ತದೆ. 87 ಒತ್ತಿದರೆ ಒಂದು ವಾಲ್ವ್ ಮಾತ್ರ ತೆರೆಯುತ್ತದೆ, 93 ಒತ್ತಿದರೆ ಇನ್ನೊಂದು. 89 ಒತ್ತಿದರೆ ಎರಡೂ ತೆರೆಯುತ್ತವೆ. ಒಂದು ಕಡೆಯಿಂದ ಎರಡು ಪಾಲು, ಮತ್ತೊಂದು ಕಡೆಯಿಂದ ಒಂದು ಪಾಲು ಬರುವಂತೆ ಬೋರ್ಡು ಎರಡೂ ಎಣಿಕೆಗಳನ್ನು ಕ್ಷಣಕ್ಷಣಕ್ಕೂ ಹೋಲಿಸಿ ವಾಲ್ವ್‌ಗಳನ್ನು ಬಿಗಿ ಮಾಡುತ್ತದೆ, ಸಡಿಲಿಸುತ್ತದೆ. ಲೆಕ್ಕ ಶಾಲೆಯ ಸರಾಸರಿಯದೇ: 87, 87, 93 ಕೂಡಿಸಿ ಮೂರರಿಂದ ಭಾಗಿಸಿದರೆ 89. ಪರದೆಯ ಮೇಲೆ ನಿಮಗೆ ಕಾಣುವ ಗ್ಯಾಲನ್ (ಸುಮಾರು 3.8 ಲೀಟರ್) ಲೆಕ್ಕ ಎರಡೂ ಮೀಟರ್‌ಗಳ ಮೊತ್ತ.

ಇದು ಕಂಪ್ಯೂಟರ್ ಯುಗದ ಜಾಣ್ಮೆ ಎಂದುಕೊಳ್ಳಬೇಡಿ. ಸುನೊಕೊ ಕಂಪನಿ 1950ರ ದಶಕದಲ್ಲಿಯೇ ಡಯಲ್ ತಿರುಗಿಸಿ ಬೇಕಾದ ದರ್ಜೆ ಆರಿಸುವ ಪಂಪುಗಳನ್ನು ಇಲ್ಲಿ ನಿಲ್ಲಿಸಿತ್ತು. ಆಗ ಬೋರ್ಡಿಲ್ಲ, ಪಲ್ಸರ್ ಇಲ್ಲ, ಎಲ್ಲವೂ ಹಲ್ಲುಚಕ್ರಗಳ ಮೇಲೆ. ಆ ಕಾಲದ ಮೆಕ್ಯಾನಿಕ್‌ಗಳನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಇನ್ನು ಪೈಪಿನ ಮಾತು. ಮುಕ್ಕಾಲು ಇಂಚು ಒಳಅಗಲದ, ಹನ್ನೆರಡು ಅಡಿ ಉದ್ದದ ಪೈಪಿನಲ್ಲಿ ಸುಮಾರು ಒಂದು ಲೀಟರ್ ನಿಂತಿರುತ್ತದೆ. ಅದು ನಿಮ್ಮ ಮುಂದಿನವನು ಬಿಟ್ಟುಹೋದದ್ದು ಎನ್ನುವುದು ನಿಜ. ಆದರೆ ಅಳತೆಯನ್ನೂ ಬೆರಕೆಯನ್ನೂ ಬೇರೆ ಬೇರೆಯಾಗಿ ನೋಡಿ. ಪೈಪು ಯಾವಾಗಲೂ ತುಂಬಿಯೇ ಇರುತ್ತದೆ, ಮೀಟರ್ ಇರುವುದು ಅದರ ಹಿಂದೆ. ಅಲ್ಲಿ ಒಂದು ಲೀಟರ್ ಒಳಗೆ ಹೊಕ್ಕರೆ ಇಲ್ಲಿ ನಾಜಲ್‌ನಿಂದ ಒಂದು ಲೀಟರ್ ಹೊರಗೆ ಬೀಳಲೇಬೇಕು. ಆದ್ದರಿಂದ ಅಳತೆಯಲ್ಲಿ ನಿಮಗೆ ಒಂದು ತೊಟ್ಟೂ ಕಡಿಮೆಯಾಗಿಲ್ಲ. ದರ್ಜೆಯಲ್ಲಿ ಮಾತ್ರ ಮೊದಲ ಲೀಟರ್ ಬೇರೆಯವರದು. ಕಾರಿಗೆ 50 ಲೀಟರ್ ಹಾಕಿದರೆ 93 ಎನ್ನುವುದು 92.9 ಆದೀತು, ಎಂಜಿನ್ನಿಗೆ ಗೊತ್ತೂ ಆಗದು. ದುಡ್ಡಿನ ಲೆಕ್ಕದಲ್ಲಿ, ಎರಡು ದರ್ಜೆಗಳ ನಡುವೆ ಗ್ಯಾಲನ್ನಿಗೆ ಒಂದು ಡಾಲರ್ ಅಂತರವಿದ್ದರೆ ನೀವು ಕಳೆದುಕೊಂಡದ್ದು ಸುಮಾರು 26 ಸೆಂಟ್. ಹೋಗುವಾಗ ನೀವೂ ಹಿಂದಿನವನಿಗೆ ಒಂದು ಲೀಟರ್ 93 ದಾನ ಮಾಡಿಯೇ ಹೋಗುತ್ತೀರಿ.

87 ಕಳಪೆಯಲ್ಲ, ಅಳೆಯುವ ಕೋಲು ಬೇರೆ. ಆಕ್ಟೇನ್ (ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದಿರುವ ಗುಣ) ಅಳೆಯಲು ರಿಸರ್ಚ್ ಎಂದು ಒಂದು ವಿಧಾನ, ಮೋಟರ್ ಎಂದು ಇನ್ನೊಂದು ವಿಧಾನ. ಭಾರತದಲ್ಲಿ ಹೇಳುವುದು ಮೊದಲನೆಯದನ್ನು. ಅಮೆರಿಕದಲ್ಲಿ ಎರಡರ ಸರಾಸರಿಯನ್ನು ಪಂಪಿನ ಮೇಲೆ ಅಂಟಿಸುತ್ತಾರೆ. ನೀವು ಹೇಳುವ 91ರ ಬಿಎಸ್-6 ಸಾದಾ ಪೆಟ್ರೋಲಿಗೆ ರಿಸರ್ಚ್ ಸಂಖ್ಯೆ ಕನಿಷ್ಠ 91, ಮೋಟರ್ ಸಂಖ್ಯೆ ಕನಿಷ್ಠ 81 ಇರಬೇಕೆಂದು ನಿಯಮವಿತ್ತು. ಸರಾಸರಿ ತೆಗೆಯಿರಿ, 86. ಈಗ ಯಾವುದು ಕಳಪೆ ಎಂದು ನೀವೇ ಹೇಳಿ.

ಪ್ರಶ್ನೆ (ಡಿ ಮೊಯ್ನ್, ಅಯೋವಾ): ಅಣ್ಣ, ನನ್ನದು ಮೋಟಾರ್ ಸೈಕಲ್, ಟ್ಯಾಂಕು 13 ಲೀಟರಿನದು. ಇಲ್ಲಿ ಒಂದು ಬಂಕಿನಲ್ಲಿ ಇ15 ಕೂಡ ಅದೇ ಪೈಪಿನಲ್ಲಿ ಬರುತ್ತದೆ. ಪಂಪಿನ ಮೇಲೆ ‘ಕನಿಷ್ಠ 4 ಗ್ಯಾಲನ್ ಹಾಕಿ’ ಎಂಬ ಚೀಟಿ ನೋಡಿದೆ. ನನ್ನ ಟ್ಯಾಂಕಿಗೆ ಅಷ್ಟು ಹಿಡಿಸುವುದೇ ಇಲ್ಲವಲ್ಲ!

ಉತ್ತರ: ಆ ಚೀಟಿಯ ಹಿಂದೆ ಇರುವುದೂ ಮೇಲೆ ಹೇಳಿದ ಅದೇ ಒಂದು ಲೀಟರ್, ತಮ್ಮ. ಇ15, ಅಂದರೆ ನೂರಕ್ಕೆ 15 ಪಾಲು ಎಥನಾಲ್ ಇರುವ ಪೆಟ್ರೋಲನ್ನು, 2001 ಮತ್ತು ನಂತರದ ಕಾರುಗಳಿಗೆ ಮಾತ್ರ ಇಲ್ಲಿನ ಪರಿಸರ ಸಂಸ್ಥೆ ಒಪ್ಪಿದೆ. ಮೋಟಾರ್ ಸೈಕಲ್‌ಗೆ ಒಪ್ಪಿಲ್ಲ. ನಿನ್ನ ಮುಂದಿನವನು ಇ15 ಹಾಕಿ ಹೋಗಿ, ನೀನು ಇ10 (ನೂರಕ್ಕೆ 10 ಪಾಲು ಎಥನಾಲ್) ಒತ್ತಿದರೆ ಪೈಪಿನಲ್ಲಿರುವುದು ನಿನ್ನ ಟ್ಯಾಂಕಿಗೆ ಬರುತ್ತದೆ. ನಾಲ್ಕು ಗ್ಯಾಲನ್ ಎಂದರೆ 15 ಲೀಟರ್. ಅಷ್ಟು ಹಾಕಿದರೆ ಆ ಒಂದು ಲೀಟರ್ ತೆಳುವಾಗಿ ಎಥನಾಲ್ ಹತ್ತರ ಆಸುಪಾಸಿನಲ್ಲಿಯೇ ಉಳಿಯುತ್ತದೆ ಎನ್ನುವುದು ಲೆಕ್ಕಾಚಾರ. ಕಾಗದದ ಮೇಲೆ ಸರಿ. ನಿನ್ನಂಥವನಿಗೆ ಅದು ಬಾಟಲಿಗೆ ಬಿಂದಿಗೆ ನೀರು ಹಿಡಿ ಎಂದಂತೆ. ಇ10ಕ್ಕೆ ಪ್ರತ್ಯೇಕ ಪೈಪು ಇರುವ ಪಂಪನ್ನು ಹುಡುಕು. ಒಂದು ಸಲ ತಪ್ಪಿದರೆ ಎಂಜಿನ್ ಏನೂ ಸೀದು ಹೋಗುವುದಿಲ್ಲ, ಆದರೆ ಪ್ರತಿ ಸಲ ಅಲ್ಲೇ ಎರಡೆರಡು ಲೀಟರ್ ಹಾಕಿಸಬೇಡ.

ಪ್ರಶ್ನೆ (ಮತ್ತೆ ಕೊಲಂಬಸ್‌ನಿಂದ): ಧನ್ಯವಾದ ಸರ್. ನಮ್ಮ ಮನೆ ಹತ್ತಿರದ ಬಂಕಿನಲ್ಲಿ 93 ಸರಾಗವಾಗಿ ಬರುತ್ತದೆ, 89 ಒತ್ತಿದರೆ ಮಾತ್ರ ಆಮೆ ನಡಿಗೆ. ಬೆರಕೆಯೇ ತಪ್ಪಿರಬಹುದೇ?

ಉತ್ತರ: 87 ಒತ್ತಿ ನೋಡಿ. ಅದೂ ನಿಧಾನವಾದರೆ ಆ ದಾರಿಯ ಫಿಲ್ಟರ್ ಕಟ್ಟಿಕೊಂಡಿದೆ, ಅಷ್ಟೇ. ಎರಡಕ್ಕೆ ಒಂದು ಎಂಬ ಪ್ರಮಾಣ ಕಾಯಬೇಕಲ್ಲ? ಒಂದು ಕಡೆ ಹರಿವು ಕುಗ್ಗಿದರೆ ಬೋರ್ಡು ಇನ್ನೊಂದು ಕಡೆಯನ್ನೂ ಎಳೆದು ಹಿಡಿಯುತ್ತದೆ. ಕುಂಟುವ ಎತ್ತಿನ ಜೊತೆ ಕಟ್ಟಿದ ಗಟ್ಟಿ ಎತ್ತೂ ನಿಧಾನವಾಗಿಯೇ ನಡೆಯಬೇಕು. ಪ್ರಮಾಣ ಕೈಮೀರಿದರೆ ಪಂಪು ಆ ಮಾರಾಟವನ್ನೇ ನಿಲ್ಲಿಸುತ್ತದೆ. ಹಾಗಾಗಿ ನಿಧಾನವೆಂದರೆ ಬೆರಕೆ ಕೆಟ್ಟಿದೆ ಎಂದಲ್ಲ, ಅದನ್ನು ಕಾಯಲು ಪಂಪು ಹೆಣಗುತ್ತಿದೆ ಎಂದು. ಹೋದ ವರ್ಷ ಒಬ್ಬ ಬಂಕ್ ಮಾಲೀಕರು ವಾಲ್ವ್ ಹೋಯಿತೆಂದು ಹೊಸದನ್ನು ತರಿಸಿಯೇ ನನ್ನನ್ನು ಕರೆದಿದ್ದರು. ಫಿಲ್ಟರ್ ಬದಲಿಸಿ ಬಂದೆ. ವಾಲ್ವ್ ಇನ್ನೂ ಅವರ ಗೋದಾಮಿನ ಡಬ್ಬದಲ್ಲಿದೆ.

ಪ್ರಶ್ನೆ (ದಾವಣಗೆರೆ): ಈ ವ್ಯವಸ್ಥೆ ನಮ್ಮಲ್ಲಿ ಏಕಿಲ್ಲ? ಬಂದರೆ ಒಳ್ಳೆಯದಲ್ಲವೇ? ನಮ್ಮಲ್ಲಿ ಎಥನಾಲ್ ಬೆರೆಸುವುದೂ ಬಂಕಿನವರೇ ಎಂದು ನಮ್ಮ ಓಣಿಯಲ್ಲಿ ಮಾತು.

ಉತ್ತರ: ಓಣಿಯ ಮಾತು ಸುಳ್ಳು. ಎಥನಾಲ್ ಬೆರೆಯುವುದು ತೈಲ ಕಂಪನಿಯ ಡಿಪೋದಲ್ಲಿ. ಬಂಕಿಗೆ ಟ್ಯಾಂಕರ್ ಬರುವಾಗಲೇ ಬೆರಕೆ ಮುಗಿದಿರುತ್ತದೆ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಇ20 ಬಿಡುಗಡೆಯಾಯಿತಲ್ಲ, ಅದೂ ಹೀಗೆಯೇ. ಮೈಲೇಜ್ ಸ್ವಲ್ಪ ಇಳಿಯಿತು ಎಂದರೆ ಬಂಕಿನವನನ್ನು ಬೈಯಬೇಡಿ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ.

ಬಂಕಿನಲ್ಲಿ ಬೆರೆಸುವುದು ನಮಗೇನೂ ಹೊಸದಲ್ಲ. ಟೂ-ಸ್ಟ್ರೋಕ್ ಸ್ಕೂಟರ್, ಆಟೊಗಳ ಕಾಲದಲ್ಲಿ ಲೀಟರಿಗೆ 20 ಮಿಲಿಯಷ್ಟು 2ಟಿ ಆಯಿಲ್ ಅಳೆದು ಹಾಕುತ್ತಿದ್ದುದು ನಿಮಗೆ ನೆನಪಿರಬೇಕು. ದೆಹಲಿಯಲ್ಲಿ ಹೊಗೆ ಮಿತಿಮೀರಿದಾಗ, ಕೈಯಲ್ಲಿ ಸುರಿಯುವುದನ್ನು ಬಿಟ್ಟು ಬೆರೆಸಿದ ಪೆಟ್ರೋಲನ್ನೇ ಮಾರಬೇಕೆಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಆದರೂ ಅಮೆರಿಕದ ಪಂಪು ನಮ್ಮಲ್ಲಿಗೆ ಬರುವುದು ಬೇಡ ಎನ್ನುವವನು ನಾನು. ನಮ್ಮ ಗ್ರಾಹಕನ ಕೈಯಲ್ಲಿರುವ ಒಂದು ಗಟ್ಟಿ ಆಯುಧವೆಂದರೆ ಡೆನ್ಸಿಟಿ, ಅಂದರೆ ಇಷ್ಟು ಅಳತೆಯ ಪೆಟ್ರೋಲ್ ಎಷ್ಟು ತೂಗುತ್ತದೆ ಎಂಬುದು. ಟ್ಯಾಂಕರ್‌ನ ಚಲನ್‌ನಲ್ಲಿ ಬರೆದದ್ದಕ್ಕೂ ನಾಜಲ್‌ನಿಂದ ಹಿಡಿದದ್ದಕ್ಕೂ, 15 ಡಿಗ್ರಿ ಉಷ್ಣತೆಗೆ ಸರಿಹೊಂದಿಸಿದ ಮೇಲೆ, ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ಅಂತರ ಬಂದರೆ ಕೈವಾಡ ಶಂಕಿಸಬಹುದು. ಎರಡು ಟ್ಯಾಂಕ್‌ಗಳದು ಪಂಪಿನಲ್ಲಿಯೇ ಬೆರೆಯತೊಡಗಿದರೆ ನಾಜಲ್‌ನ ಡೆನ್ಸಿಟಿ ಯಾವ ಚಲನ್‌ಗೂ ಹೊಂದುವುದಿಲ್ಲ. ಕಳ್ಳನಿಗೆ ಒಳ್ಳೆಯ ನೆಪ ಸಿಗುತ್ತದೆ. ಎರಡು ದರ್ಜೆಯ ನಡುವಿನದು ಬೇಕೆಂದರೆ ಅರ್ಧ ಸಾದಾ, ಅರ್ಧ ಪ್ರೀಮಿಯಂ ಹಾಕಿಸಿಕೊಳ್ಳಿ. ಬೆರೆಸುವ ಕೆಲಸ ನಿಮ್ಮ ಟ್ಯಾಂಕೇ ಮಾಡುತ್ತದೆ.

ಪ್ರಶ್ನೆ (ಮತ್ತೆ ದಾವಣಗೆರೆ): ನೀವು ಹೇಳಿದಿರೆಂದು ಅಳತೆಯನ್ನೂ ನೋಡೋಣ ಎಂದು ಇಂದು ಬಂಕಿನಲ್ಲಿ ಅಳತೆ ಪರೀಕ್ಷಿಸುವ 5 ಲೀಟರಿನ ಕ್ಯಾನ್ ಕೇಳಿದೆ. ಮುಖ ಗಂಟಿಕ್ಕಿದರೂ ತಂದುಕೊಟ್ಟರು. 30 ಮಿಲಿ ಕಡಿಮೆ ತೋರಿಸಿತು! ದೂರು ಕೊಡಲೇ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಅದು ನಿಮ್ಮ ಹಕ್ಕು. ಐದು ಲೀಟರಿಗೆ 25 ಮಿಲಿ ಹೆಚ್ಚುಕಡಿಮೆಗೆ ಅವಕಾಶವಿದೆ. ಅಮೆರಿಕದಲ್ಲಿಯೂ ಬಳಕೆಯಲ್ಲಿರುವ ಪಂಪಿಗೆ 5 ಗ್ಯಾಲನ್ನಿಗೆ 6 ಘನ ಇಂಚು, ಅಂದರೆ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣ. 30 ಎಂದರೆ ಮಿತಿ ದಾಟಿದೆ. ಆದರೆ ಒಂದು ಮಾತು: ಕ್ಯಾನ್ ಒಣಗಿತ್ತೇ? ಆ ಕ್ಯಾನಿನ ಗುರುತನ್ನು ಒದ್ದೆಯಾದ ಕ್ಯಾನಿಗೆ ಹೊಂದಿಸಿರುತ್ತಾರೆ. ಒಣ ಕ್ಯಾನಿಗೆ ಹಿಡಿದರೆ ಒಳಗೋಡೆಗೆ ಅಂಟಿಕೊಳ್ಳುವ ಪೆಟ್ರೋಲ್ ಲೆಕ್ಕಕ್ಕೆ ಸಿಗದೆ ಅಳತೆ ಕಡಿಮೆ ಕಾಣುತ್ತದೆ. ಮೊದಲು ಒಮ್ಮೆ ತುಂಬಿಸಿ, ಸುರಿದು, ಹನಿ ಇಳಿಯಲು ಬಿಟ್ಟು, ಸಮತಟ್ಟು ಜಾಗದಲ್ಲಿಟ್ಟು ಮತ್ತೆ ತುಂಬಿಸಲು ಹೇಳಿ. ನೊರೆ ಇಳಿದ ಮೇಲೆ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಆಗಲೂ 30 ಕಡಿಮೆ ಬಂದರೆ ಪಂಪಿನ ಸೀಲಿನ ಮೇಲಿನ ದಿನಾಂಕ ಬರೆದುಕೊಂಡು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗಿ.

ದಾವಣಗೆರೆ: ಒಣಗಿತ್ತು ಸರ್. ಕಪಾಟಿನ ಮೇಲಿಂದ ಧೂಳು ಒರೆಸಿ ತಂದಿದ್ದರು. ನಾಳೆ ಮತ್ತೆ ಹೋಗುತ್ತೇನೆ.